ಸಾಂಬ್ರಾದಲ್ಲಿ ವಿಮಾನ ತರಬೇತಿ: ಸೇನೆಯ ಹೆಲಿಕಾಪ್ಟರ್ ಪೈಲಟ್‌ಗಳು ದುಡ್ಡು ಕಟ್ಟುವ ಮುನ್ನ

ಬೆಳಗಾವಿಯಿಂದ ಬಾಗಲಕೋಟೆ ರಸ್ತೆ ಹಿಡಿದು ಹತ್ತು ಕಿಲೋಮೀಟರ್ ಹೋದರೆ ಸಾಂಬ್ರಾ ವಿಮಾನ ನಿಲ್ದಾಣ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು 2021ರಲ್ಲಿ ಹೊಸ ನೀತಿಯಡಿ ಐದು ಊರುಗಳಲ್ಲಿ ಪೈಲಟ್ ತರಬೇತಿ ಶಾಲೆಗಳಿಗೆ ಜಾಗ ಕೊಟ್ಟಿತು. ಅದರಲ್ಲಿ ನಮ್ಮ ರಾಜ್ಯದ ಪಾಲಿಗೆ ಬಂದವು ಬೆಳಗಾವಿ ಮತ್ತು ಕಲಬುರಗಿ. ಇಲ್ಲಿ ಕಲಿಯಬಹುದಾದ ಪಿಯುಸಿ ಮುಗಿಸಿದ ಹುಡುಗರ ಬಗ್ಗೆ ಬೇಕಾದಷ್ಟು ಬರಹಗಳು ಬಂದಿವೆ. ಈ ವಿಮರ್ಶೆ ಇನ್ನೊಂದು ವರ್ಗದವರಿಗೆ: ಸೇನೆ ಅಥವಾ ವಾಯುಪಡೆಯಲ್ಲಿ ಹತ್ತಿಪ್ಪತ್ತು ವರ್ಷ ಹೆಲಿಕಾಪ್ಟರ್ ಹಾರಿಸಿ, ನಿವೃತ್ತಿ ಹತ್ತಿರ ಬಂದಾಗ ಏರ್‌ಲೈನ್ ಕಡೆ ನೋಡುತ್ತಿರುವವರಿಗೆ. ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವ ಬೆಳಗಾವಿಯಲ್ಲಿ, 1963ರಿಂದ ಸೈನಿಕ ಶಾಲೆ ನಡೆಯುತ್ತಿರುವ ವಿಜಯಪುರದಲ್ಲಿ ಅಂಥ ಮನೆಗಳು ಕಡಿಮೆಯಿಲ್ಲ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಜಾಗಕ್ಕೆ ಐದಕ್ಕೆ ನಾಲ್ಕೂವರೆ. ಒಂದು ಎಂಜಿನ್ನಿನ ವಿಮಾನದ ತರಬೇತಿಗೆ ನಾಲ್ಕು. ಆದರೆ ದೇಶದ ಬಹುತೇಕ ಶಾಲೆಗಳು ಮಾರುವ ‘ಸೊನ್ನೆಯಿಂದ ಸಿಪಿಎಲ್‌ವರೆಗೆ’ (ಸಿಪಿಎಲ್ ಎಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಎಂಬ ಪ್ಯಾಕೇಜು ಹೆಲಿಕಾಪ್ಟರ್ ಪೈಲಟ್‌ಗೆ ಹೊಂದುವುದಿಲ್ಲ. ಅದಕ್ಕೆ ಎರಡು. ಶಾಲೆಗೆ ಹೋಗುವಾಗ ನಿಮಗೆ ಇನ್ನೇನು ಬೇಕು ಎಂಬ ನಿಮ್ಮದೇ ಒಂದು ಕೊರತೆ ಪಟ್ಟಿ ಕೈಯಲ್ಲಿರಬೇಕು, ಬೆಲೆ ಆ ಪಟ್ಟಿಯ ಮೇಲೆ ಕುದುರಬೇಕು. ಆ ಪಟ್ಟಿ ಹೇಗೆ ಮಾಡುವುದು, ಅದರಲ್ಲಿ ಸಾಂಬ್ರಾ ಎಷ್ಟು ತುಂಬಿಕೊಡುತ್ತದೆ ಎಂಬುದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇವೆ.

ಗಂಟೆಗಳ ಲೆಕ್ಕ

ಮೂರು ಸಾವಿರ ಗಂಟೆ ಹಾರಿಸಿದವರಿಗೆ ಮೊದಲ ಪೆಟ್ಟು ಬೀಳುವುದೇ ಇಲ್ಲಿ. ವಿಮಾನದ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ, ಅಂದರೆ ಸಿಪಿಎಲ್‌ಗೆ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಕೇಳುವುದು 200 ಗಂಟೆ, ಅದೂ ಏರೋಪ್ಲೇನಿನ ಪೈಲಟ್ ಆಗಿ. ಅದರೊಳಗೆ 100 ಗಂಟೆ ಪೈಲಟ್ ಇನ್ ಕಮಾಂಡ್ (ವಿಮಾನದ ಹೊಣೆ ಹೊತ್ತ ಪೈಲಟ್) ಆಗಿರಬೇಕು, ಆ ನೂರರಲ್ಲಿ 15 ಗಂಟೆ ಅರ್ಜಿ ಹಾಕುವ ಹಿಂದಿನ ಆರು ತಿಂಗಳೊಳಗಿನದಾಗಿರಬೇಕು. ಕ್ರಾಸ್ ಕಂಟ್ರಿ (ಊರಿಂದೂರಿಗೆ ಹಾರಾಟ) 20 ಗಂಟೆ, ಅದರಲ್ಲಿ ಒಂದು ಹಾರಾಟ 300 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದೆ, ನಡುವೆ ಎರಡು ಬೇರೆ ನಿಲ್ದಾಣಗಳಲ್ಲಿ ಪೂರ್ತಿ ನಿಂತು ಹೊರಡಬೇಕು. ಹೊರಗೆ ನೋಡದೆ ಉಪಕರಣಗಳನ್ನಷ್ಟೇ ನೋಡಿ ಹಾರುವ ಇನ್‌ಸ್ಟ್ರುಮೆಂಟ್ ಹಾರಾಟ 10 ಗಂಟೆ, ಅದರಲ್ಲಿ ಸಿಮ್ಯುಲೇಟರ್‌ನದು 5 ಮೀರುವಂತಿಲ್ಲ. ರಾತ್ರಿ 5 ಗಂಟೆ, ಹತ್ತು ಟೇಕಾಫ್, ಹತ್ತು ಲ್ಯಾಂಡಿಂಗ್.

ಹೆಲಿಕಾಪ್ಟರ್ ಗಂಟೆಗೆ ಬೆಲೆಯೇ ಇಲ್ಲವೇ? ಇದೆ, ಆದರೆ ತಾನಾಗಿ ಸಿಗುವುದಿಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಅನುಬಂಧ 1ರ ಪ್ರಕಾರ ಬೇರೆ ವರ್ಗದ ಹಾರಾಟವನ್ನು ಒಪ್ಪಬೇಕೇ, ಒಪ್ಪಿದರೆ ಎಷ್ಟು ಕಡಿತ ಕೊಡಬೇಕು ಎಂಬುದು ಲೈಸೆನ್ಸ್ ಕೊಡುವ ಪ್ರಾಧಿಕಾರಕ್ಕೆ ಬಿಟ್ಟದ್ದು. ಆದ್ದರಿಂದ ಶಾಲೆಯ ಮಾರ್ಕೆಟಿಂಗ್‌ನವರು ‘ನಿಮ್ಮ ಗಂಟೆಯೆಲ್ಲ ಕೌಂಟ್ ಆಗ್ತದ್ರೀ ಸರ್’ ಎಂದರೆ ಅದನ್ನು ಉತ್ತರವೆಂದು ಎಣಿಸಬೇಡಿ. ನಿಮ್ಮ ದಾಖಲೆಗಳನ್ನಿಟ್ಟು ಡಿಜಿಸಿಎಗೆ ನೀವೇ ಬರೆಯಿರಿ, ಲಿಖಿತ ಉತ್ತರ ಬಂದ ಮೇಲೆ ಶುಲ್ಕ ಕಟ್ಟಿ. ಉತ್ತರ ಬರುವವರೆಗೆ 200 ಗಂಟೆಯನ್ನೂ ಹೊಸದಾಗಿ ಹಾರಬೇಕೆಂದೇ ಬಜೆಟ್ ಹಾಕಿ. ಕಡಿತ ಸಿಕ್ಕರೆ ಅಷ್ಟು ಲಾಭ.

ವಾಯುಪಡೆಯವರಿಗೂ ಸೇನೆಯವರಿಗೂ ಇಲ್ಲಿ ವ್ಯತ್ಯಾಸವಿದೆ. ವಾಯುಪಡೆಯ ಹೆಲಿಕಾಪ್ಟರ್ ಪೈಲಟ್ ಮೊದಲ ಹಂತದಲ್ಲಿ ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಲ್ಲಿ ರೆಕ್ಕೆಯ ವಿಮಾನ ಹಾರಿಸಿಯೇ ಹಕೀಂಪೇಟೆಯ ಹೆಲಿಕಾಪ್ಟರ್ ಶಾಲೆಗೆ ಹೋಗಿರುತ್ತಾರೆ. 1986ರಲ್ಲಿ ರೂಪುಗೊಂಡ ಸೇನಾ ವಾಯುಯಾನ ದಳದವರು ಬಹುತೇಕ ನೇರವಾಗಿ ಚೇತಕ್, ಚೀತಾ ಹೆಲಿಕಾಪ್ಟರ್‌ಗಳ ಮೇಲೆ ಕಲಿತವರು. ಅವರ ಲಾಗ್‌ಬುಕ್ಕಿನಲ್ಲಿ ಏರೋಪ್ಲೇನಿನ ಕಾಲಂ ಖಾಲಿ. ವಾಯುಪಡೆಯವರೂ ಹಿಗ್ಗಬೇಕಿಲ್ಲ: ನಿಯಮವು ಆ 200 ಗಂಟೆ ಅರ್ಜಿಗೆ ಹಿಂದಿನ ಐದು ವರ್ಷದೊಳಗಿನದಾಗಿರಬೇಕು ಎನ್ನುತ್ತದೆ, ದುಂಡಿಗಲ್‌ನ ಗಂಟೆಗಳು ಅಷ್ಟು ಹೊತ್ತಿಗೆ ಹಳತಾಗಿರುತ್ತವೆ. ಅವುಗಳ ಬಗ್ಗೆಯೂ ಅದೇ ಪತ್ರದಲ್ಲಿ ಕೇಳಿ.

ಹೆಲಿಕಾಪ್ಟರ್ ಅನುಭವ ನಿಜವಾಗಿ ಕೈಹಿಡಿಯುವ ಜಾಗ ಇನ್‌ಸ್ಟ್ರುಮೆಂಟ್ ರೇಟಿಂಗ್. ಅದಕ್ಕೆ ಬೇಕಾದದ್ದು ಕಮಾಂಡ್‌ನಲ್ಲಿ 50 ಗಂಟೆ ಕ್ರಾಸ್ ಕಂಟ್ರಿ ಮತ್ತು 40 ಗಂಟೆ ಇನ್‌ಸ್ಟ್ರುಮೆಂಟ್ ಸಮಯ. ಈ ಎರಡರಲ್ಲೂ ಬೇರೆ ವರ್ಗದ ಹಾರಾಟಕ್ಕೆ ಅನುಬಂಧ 1 ಹೆಚ್ಚು ಉದಾರವಾಗಿದೆ: ಐವತ್ತರಲ್ಲಿ ಕನಿಷ್ಠ ಹತ್ತು ಗಂಟೆ ನೀವು ರೇಟಿಂಗ್ ಕೇಳುವ ವರ್ಗದ್ದಾದರೆ ಸಾಕು, ಇನ್‌ಸ್ಟ್ರುಮೆಂಟ್ ಸಮಯ ಏರೋಪ್ಲೇನ್ ಅಥವಾ ಹೆಲಿಕಾಪ್ಟರ್ ಯಾವುದರದ್ದೂ ಆಗಬಹುದು. ಹಾಗಾಗಿ ಧ್ರುವ್ ಅಥವಾ ಎಂಐ-17 ಹೆಲಿಕಾಪ್ಟರ್ ಹಾರಿಸಿದವರು ಈ ಕಾಲಂ ಅನ್ನು ಚಿನ್ನದಂತೆ ಕಾಪಾಡಿಕೊಳ್ಳಬೇಕು. ಸಿಯಾಚಿನ್‌ನಲ್ಲಿ ವರ್ಷಗಟ್ಟಲೆ ಚೀತಾ ಹಾರಿಸಿದವರ ಲಾಗ್‌ಬುಕ್ಕಿನಲ್ಲಿ ಮಾತ್ರ ಎಷ್ಟು ಸಾವಿರ ಗಂಟೆ ಇದ್ದರೂ ಇನ್‌ಸ್ಟ್ರುಮೆಂಟ್ ಗಂಟೆ ತೀರ ಕಡಿಮೆ ಇರುತ್ತದೆ. ಆ ಯಂತ್ರ ಕಣ್ಣಿನಲ್ಲಿ ನೋಡಿ ಹಾರಿಸುವಂಥದ್ದು.

ಘಟಕ ಬಿಡುವ ಮೊದಲೇ ಕಮಾಂಡಿಂಗ್ ಆಫೀಸರ್ ಸಹಿಯೊಂದಿಗೆ ಒಂದು ಪ್ರಮಾಣಪತ್ರ ಮಾಡಿಸಿಕೊಳ್ಳಿ. ಅದರಲ್ಲಿ ಯಂತ್ರದ ಮಾದರಿವಾರು, ಹಗಲು-ರಾತ್ರಿ, ಕಮಾಂಡ್-ಕೋ ಪೈಲಟ್, ನಿಜವಾದ ಇನ್‌ಸ್ಟ್ರುಮೆಂಟ್ ಮತ್ತು ಅಭ್ಯಾಸದ ಇನ್‌ಸ್ಟ್ರುಮೆಂಟ್ ಎಂದು ಗಂಟೆಗಳು ಒಡೆದಿರಬೇಕು. ‘ಒಟ್ಟು 2,800 ಗಂಟೆ’ ಎಂಬ ಒಂದೇ ಸಾಲಿನ ಪತ್ರದಿಂದ ಏನೂ ಆಗುವುದಿಲ್ಲ. ನಿವೃತ್ತಿಯಾಗಿ ವರ್ಷ ಕಳೆದು, ಘಟಕ ಬೇರೆ ಕಡೆಗೆ ಹೋದ ಮೇಲೆ ಅದನ್ನು ತಿದ್ದಿಸುವುದು ಬಹಳ ತ್ರಾಸು.

ರನ್‌ವೇ, ಗಾಳಿ, ಮಳೆ

ಸಾಂಬ್ರಾದ ರನ್‌ವೇ 2,300 ಮೀಟರ್ ಉದ್ದ, 45 ಮೀಟರ್ ಅಗಲ, ಪೂರ್ವ-ಪಶ್ಚಿಮವಾಗಿ 08/26 (ಪೂರ್ವಕ್ಕೆ ಮುಖ ಮಾಡಿದರೆ 08, ಪಶ್ಚಿಮಕ್ಕೆ 26). ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಬಿಸಿಲಿದ್ದರೆ ಸಾಂದ್ರತಾ ಎತ್ತರ (ಗಾಳಿ ತೆಳುವಾಗಿ ವಿಮಾನಕ್ಕೆ ಅನಿಸುವ ಎತ್ತರ) 5,500 ಅಡಿಯ ಹತ್ತಿರ ಹೋಗುತ್ತದೆ. ಆಗ ತರಬೇತಿಯ ಸೆಸ್ನಾ 172 ವಿಮಾನಕ್ಕೆ ನೆಲ ಬಿಡಲು ಸಮುದ್ರಮಟ್ಟದ ಸಾಮಾನ್ಯ ದಿನಕ್ಕಿಂತ ಸುಮಾರು ಒಂದೂವರೆ ಪಟ್ಟು ಓಟ ಬೇಕು. ಉದ್ದಕ್ಕೇನೂ ಕೊರತೆಯಿಲ್ಲ, ಆದರೆ ಏರುವುದು ನಿಧಾನವಾಗುತ್ತದೆ. ಈ ಪಾಠದಲ್ಲಿ ಹೆಲಿಕಾಪ್ಟರ್‌ನವರು ಎಲ್ಲರಿಗಿಂತ ಮುಂದಿರುತ್ತಾರೆ. ಗಾಳಿ ತೆಳುವಾದಾಗ ಯಂತ್ರ ಏನು ಮಾಡುತ್ತದೆ ಎಂದು ಲಡಾಖಿನಲ್ಲಿ ಹಾರಿಸಿದವರಿಗೆ ಹೇಳಿಕೊಡಬೇಕಿಲ್ಲ.

ಇಷ್ಟು ಉದ್ದದ ರನ್‌ವೇಯಿಂದ ಒಂದು ಕೆಡುಕೂ ಇದೆ. ಸೆಸ್ನಾ ಎಲ್ಲಿ ಇಳಿದರೂ ಜಾಗ ಉಳಿಯುತ್ತದೆ, ಹಾಗಾಗಿ ಇಳಿಯುವ ಬಿಂದುವಿನ ಬಗ್ಗೆ ಅಲಕ್ಷ್ಯ ಬೆಳೆಯುತ್ತದೆ. ಮೊದಲ ದಿನದಿಂದಲೇ ರನ್‌ವೇಯ ಮೇಲೆ ಒಂದು ಗುರುತು ಹಿಡಿದು, ಅದರ ಆಚೀಚೆ ಇಷ್ಟೇ ಅಡಿಯೊಳಗೆ ಚಕ್ರ ತಾಗಬೇಕು ಎಂದು ಇನ್‌ಸ್ಟ್ರಕ್ಟರ್ ಹತ್ತಿರ ಕಟ್ಟುನಿಟ್ಟು ಮಾಡಿಸಿಕೊಳ್ಳಿ.

ಗಾಳಿಯ ಮಾತು ಇನ್ನೂ ಮುಖ್ಯ. ಹೆಲಿಕಾಪ್ಟರ್‌ನವರಿಗೆ ಗಾಳಿಯ ಎದುರಿಗೆ ಮುಖ ಮಾಡಿ ಇಳಿಯುವ ಅವಕಾಶ ಹೆಚ್ಚುಕಡಿಮೆ ಯಾವಾಗಲೂ ಇರುತ್ತದೆ. ವಿಮಾನಕ್ಕೆ ರನ್‌ವೇ ಇರುವ ದಿಕ್ಕೇ ದಿಕ್ಕು. ಬೆಳಗಾವಿಯ ಮುಂಗಾರು ಗಾಳಿ ಪಶ್ಚಿಮ-ನೈಋತ್ಯದಿಂದ ಬೀಸುವುದರಿಂದ ರನ್‌ವೇ 26ರ ಮೇಲೆ ಬಹಳ ದಿನ ನೇರ ಎದುರುಗಾಳಿಯೇ ಸಿಗುತ್ತದೆ. ಕಲಿಯಲು ಸುಖ, ಕಲಿಕೆಗೆ ನಷ್ಟ. ಗಾಳಿ ನೈಋತ್ಯಕ್ಕೆ ತಿರುಗಿದ ದಿನ ಸ್ಲಾಟ್ ಬಿಡಬೇಡಿ. 20 ನಾಟ್ (ಗಂಟೆಗೆ ನಾಟಿಕಲ್ ಮೈಲಿ) ಗಾಳಿ ರನ್‌ವೇಗೆ 40 ಡಿಗ್ರಿ ಓರೆಯಾಗಿ ಬಂದರೆ ಅಡ್ಡಗಾಳಿಯ ಪಾಲು ಸುಮಾರು 13 ನಾಟ್. ಸೆಸ್ನಾ 172ಎಸ್‌ನ ಕೈಪಿಡಿಯಲ್ಲಿ ಪ್ರಯೋಗಿಸಿ ತೋರಿಸಿದ ಅಡ್ಡಗಾಳಿ 15 ನಾಟ್, ಅಂದರೆ ಇದು ಮಿತಿಯೊಳಗೇ ಇದೆ. ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಕೂತಿರುವಾಗ ಕಲಿಯಬೇಕಾದದ್ದು ಇದೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಘಟ್ಟದ ಕಡೆಯಿಂದ ಮೋಡ ಕೆಳಗಿಳಿದು ಬರುತ್ತದೆ. ಕಣ್ಣಿನಲ್ಲಿ ನೋಡಿ ಹಾರಲು 5 ಕಿಲೋಮೀಟರ್ ದೃಶ್ಯತೆ, 1,500 ಅಡಿ ಮೋಡದ ತಳ ಬೇಕು. ಜುಲೈ, ಆಗಸ್ಟ್‌ನಲ್ಲಿ ಅದು ಸಿಗದ ದಿನಗಳೇ ಸಾಲುಸಾಲು ಬರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಒಂಬತ್ತರವರೆಗೆ ಚೆನ್ನ, ಆಮೇಲೆ ಕಾವು ಹೆಚ್ಚಿ ವಿಮಾನ ಕುಣಿಯುತ್ತದೆ, ಸಂಜೆ ಗುಡುಗಿನ ಮಳೆ. ಅಕ್ಟೋಬರ್ ನಡುವಿನಿಂದ ಮಾರ್ಚ್‌ವರೆಗೆ ಅತ್ಯುತ್ತಮ ಕಾಲ. ಹಾಗಾಗಿ ಲೆಕ್ಕ ಸರಳ: ಮಳೆಗಾಲದ ನಾಲ್ಕು ತಿಂಗಳು ಪರೀಕ್ಷೆಗೆ ಓದಿ, ದಸರೆಯ ಹೊತ್ತಿಗೆ ಪೇಪರ್‌ಗಳೆಲ್ಲ ಪಾಸಾಗಿರಲಿ, ಅಲ್ಲಿಂದ ಹಾರಲು ಕೂಡಿ. ಜೂನ್‌ನಲ್ಲಿ ಶುಲ್ಕ ಕಟ್ಟಿ ಹಾರಾಟ ಶುರು ಮಾಡುವವರು ಹಾಸ್ಟೆಲ್ ಬಾಡಿಗೆ ಕಟ್ಟುತ್ತಾ ಆಕಾಶ ನೋಡುತ್ತಾ ಕೂರಬೇಕಾಗುತ್ತದೆ.

ಕ್ರಾಸ್ ಕಂಟ್ರಿಗೆ ಸಾಂಬ್ರಾದ ಸುತ್ತಣ ನೆಲ ಒಳ್ಳೆಯ ಗುರು. ಸಾಂಬ್ರಾ–ಹುಬ್ಬಳ್ಳಿ–ಕಲಬುರಗಿ–ಸಾಂಬ್ರಾ ತ್ರಿಕೋನ ಸುಮಾರು 360 ನಾಟಿಕಲ್ ಮೈಲಿ ಬರುತ್ತದೆ. 110 ನಾಟ್ ವೇಗದಲ್ಲಿ ಮೂರೂಕಾಲು ಗಂಟೆಯ ಹತ್ತಿರದ ಹಾರಾಟ, 300 ಮೈಲಿಯ ಷರತ್ತು ಮುಗಿಯುತ್ತದೆ. ಕಲಬುರಗಿಯಿಂದ ಮರಳುವ ದಾರಿ ವಿಜಯಪುರಕ್ಕೂ ಬಾಗಲಕೋಟೆಗೂ ನಡುವೆ ಹಾಯುತ್ತದೆ, ಎಡಗಡೆ ಆಲಮಟ್ಟಿಯ ನೀರು ಕಾಣುತ್ತದೆ. ಆದರೆ ನಕ್ಷೆಯಲ್ಲಿರುವ ಜಲಾಶಯದ ಅಂಚನ್ನು ಮೇ ತಿಂಗಳಲ್ಲಿ ನಂಬಬೇಡಿ. ಹಿನ್ನೀರು ಇಳಿದು ಆಕಾರವೇ ಬೇರೆಯಾಗಿರುತ್ತದೆ. ಅಣೆಕಟ್ಟಿನ ಗೋಡೆ ಮತ್ತು ರೈಲು ಸೇತುವೆಗಳನ್ನು ಗುರುತಿಗೆ ಇಟ್ಟುಕೊಳ್ಳುವುದು ಕ್ಷೇಮ. ಎಂಟು ಸಾವಿರ ಅಡಿಯಿಂದ ನೋಡುವುದು ಮರದೆತ್ತರದಲ್ಲಿ ನಕ್ಷೆ ಓದಿದ ಕಣ್ಣಿಗೆ ಮೊದಮೊದಲು ಹೊಂದುವುದಿಲ್ಲ. ದೊಡ್ಡ ಗುರುತು, ಗಡಿಯಾರ, ದಿಕ್ಕು ಈ ಮೂರರ ಮೇಲೆ ಹೋಗುವುದನ್ನು ರೂಢಿ ಮಾಡಿಕೊಳ್ಳಬೇಕು.

ಕೈಕಾಲಿನ ಹಳೇ ರೂಢಿ

ಶಾಲೆ ಆರಿಸುವಾಗ ಎಲ್ಲರೂ ವಿಮಾನ ಎಷ್ಟಿವೆ ಎಂದು ಕೇಳುತ್ತಾರೆ. ನಿಮ್ಮ ಮೊದಲ ಪ್ರಶ್ನೆ, ಹೆಲಿಕಾಪ್ಟರ್‌ನಿಂದ ಬಂದವರಿಗೆ ಕಲಿಸಿ ಗೊತ್ತಿರುವ ಇನ್‌ಸ್ಟ್ರಕ್ಟರ್ ಇದ್ದಾರೆಯೇ ಎಂಬುದಾಗಲಿ. ಏನೂ ಗೊತ್ತಿಲ್ಲದ ಹುಡುಗನಿಗೆ ಕಲಿಸುವುದು ಒಂದು ಕೆಲಸ, ಎರಡು ದಶಕದ ರೂಢಿಯನ್ನು ಬಿಡಿಸಿ ಕಲಿಸುವುದು ಬೇರೆಯೇ ಕೆಲಸ.

ಮೊದಲನೆಯದು ಕೈ. ಹೆಲಿಕಾಪ್ಟರ್‌ನ ಕ್ಯಾಪ್ಟನ್ ಸಾಮಾನ್ಯವಾಗಿ ಬಲ ಸೀಟಿನಲ್ಲಿ ಕೂರುತ್ತಾರೆ, ಬಲಗೈಯಲ್ಲಿ ದಿಕ್ಕು ಹಿಡಿಯುವ ಸೈಕ್ಲಿಕ್ ಕೋಲು, ಎಡಗೈಯಲ್ಲಿ ಏರಿಳಿಸುವ ಕಲೆಕ್ಟಿವ್ ಕೋಲು. ಶಕ್ತಿ ಬೇಕೆಂದರೆ ಎಡಗೈ ಮೇಲಕ್ಕೆಳೆಯುತ್ತದೆ. ಸೆಸ್ನಾದ ಎಡ ಸೀಟಿನಲ್ಲಿ ಎಡಗೈ ಯೋಕ್ (ವಿಮಾನ ತಿರುಗಿಸುವ ಹಿಡಿ) ಹಿಡಿಯುತ್ತದೆ, ಬಲಗೈ ಥ್ರಾಟಲ್ ಹಿಡಿಯುತ್ತದೆ, ಶಕ್ತಿ ಬೇಕೆಂದರೆ ಒಳಗೆ ತಳ್ಳಬೇಕು. ಸಾಮಾನ್ಯ ಹಾರಾಟದಲ್ಲಿ ಇದು ಬೇಗ ರೂಢಿಯಾಗುತ್ತದೆ. ಗಾಬರಿಯಾದ ಕ್ಷಣದಲ್ಲಿ, ಅಂದರೆ ಇಳಿಯುವಾಗ ಪುಟಿದು ಗೋ ಅರೌಂಡ್ ಮಾಡಬೇಕಾದಾಗ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಬೇಕಾದಾಗ), ‘ಎಳೆದರೆ ಶಕ್ತಿ’ ಎಂಬ ಹಳೇ ನೆನಪು ಎದ್ದು ಬರುತ್ತದೆ. ನೆಲದಿಂದ ಹತ್ತಡಿ ಮೇಲೆ ಥ್ರಾಟಲ್ ಎಳೆದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಪರಿಹಾರ ನೆಲದ ಮೇಲಿದೆ: ನಿಂತ ವಿಮಾನದಲ್ಲಿ ಕೂತು ಪೂರ್ತಿ ಥ್ರಾಟಲ್, ಮೂಗಿನ ಕೋನ, ಫ್ಲ್ಯಾಪ್ (ರೆಕ್ಕೆಯ ಹಿಂದಂಚಿನ ಪಟ್ಟಿ) ಒಂದು ಹಂತ ಮೇಲೆ ಎಂಬ ಕ್ರಮವನ್ನು ಬಾಯಲ್ಲಿ ಹೇಳುತ್ತಾ ಕೈಯಲ್ಲಿ ಮಾಡುವ ಅಭ್ಯಾಸ. ಒಬ್ಬರೇ ಹಾರುವ ಸೋಲೊಗೆ ಮುನ್ನ ಸಾಕಷ್ಟು ಗೋ ಅರೌಂಡ್‌ಗಳನ್ನು ಸೇರಿಸಿ ಎಂದು ಶಾಲೆಯನ್ನು ಕೇಳಿ. ಮುಂದೆ ಏರ್‌ಬಸ್‌ನ ಬಲ ಸೀಟಿನಲ್ಲಿ ಫಸ್ಟ್ ಆಫೀಸರ್ ಆಗಿ ಕೂತಾಗ ಬಲಗೈಗೆ ಸೈಡ್‌ಸ್ಟಿಕ್, ಎಡಗೈಗೆ ಥ್ರಸ್ಟ್ ಲಿವರ್ ಬರುತ್ತದೆ, ಅಲ್ಲಿ ಹಳೇ ಕೈಗಳು ತಮ್ಮ ಜಾಗ ಗುರುತಿಸಿಕೊಳ್ಳುತ್ತವೆ.

ಎರಡನೆಯದು ವೇಗ, ಮತ್ತು ನಿಜವಾದ ಅಪಾಯ ಇರುವುದು ಇಲ್ಲೇ. ಹೆಲಿಕಾಪ್ಟರ್ ನೆಲಕ್ಕೆ ಬರುವುದೇ ವೇಗ ಕಳೆಯುತ್ತಾ ಕಳೆಯುತ್ತಾ ಸೊನ್ನೆಗೆ. ನೆಲ ಹತ್ತಿರವಾದಂತೆ ನಿಧಾನವಾಗುವುದು ಅವರ ಮೈಗೆ ಹತ್ತಿದ ಗುಣ. ವಿಮಾನದ ಕೊನೆಯ ನೇರದಲ್ಲಿ ವೇಗ ಕದಲಬಾರದು. ಸೆಸ್ನಾ 172ಎಸ್‌ನಲ್ಲಿ ಪೂರ್ತಿ ಫ್ಲ್ಯಾಪ್ ಇಟ್ಟು 61ರಿಂದ 65 ನಾಟ್ ಹಿಡಿಯಬೇಕು, ಆ ಸ್ಥಿತಿಯಲ್ಲಿ ಸ್ಟಾಲ್ ಆಗುವುದು, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು, 40 ನಾಟ್‌ನಲ್ಲಿ. ಗೊತ್ತಿಲ್ಲದೆ ಐವತ್ತರ ಕೆಳಗೆ ಬಂದು, ತಿರುವಿನಲ್ಲಿ ಯೋಕ್ ಹಿಂದಕ್ಕೆಳೆದರೆ ಉಳಿದ ಅಂತರ ಬೇಗ ಕರಗುತ್ತದೆ. ಆದ್ದರಿಂದ ಸ್ಟಾಲ್ ಪಾಠಗಳನ್ನು ‘ನಿಮಗೆ ಅನುಭವ ಇದೆಯಲ್ಲ ಸರ್’ ಎಂದು ಮೊಟಕು ಮಾಡುವ ಇನ್‌ಸ್ಟ್ರಕ್ಟರ್ ನಿಮಗೆ ಬೇಡ. ತಿರುವಿನ ಸ್ಟಾಲ್, ಫ್ಲ್ಯಾಪ್ ಇಟ್ಟ ಸ್ಟಾಲ್, ಟೇಕಾಫ್ ಶಕ್ತಿಯಲ್ಲಿನ ಸ್ಟಾಲ್ ಮೂರೂ ಎಲ್ಲರಿಗಿಂತ ನಿಮಗೇ ಹೆಚ್ಚು ಬೇಕು.

ಎಂಜಿನ್ ನಿಂತಾಗಲೂ ಹೀಗೆಯೇ. ಎಡಗೈ ಕಲೆಕ್ಟಿವ್ ಇಳಿಸಲು ತಡಕಾಡುತ್ತದೆ, ಅದು ಅಲ್ಲಿಲ್ಲ. ಮಾಡಬೇಕಾದದ್ದು ಮೂಗು ತಗ್ಗಿಸಿ 68 ನಾಟ್‌ನ ಗ್ಲೈಡ್ ಹಿಡಿಯುವುದು. ಆಮೇಲೆ ಗದ್ದೆಯ ತುಣುಕು ಸಾಲದು, ಉದ್ದನೆಯ ಹೊಲ ಬೇಕು. ಹೆಲಿಕಾಪ್ಟರ್‌ನವರು ಆರಿಸುವ ಜಾಗ ಬಹಳ ಸಲ ಚಿಕ್ಕದಾಗಿರುತ್ತದೆ. ಸಾಂಬ್ರಾದ ಸುತ್ತ ಕಬ್ಬಿನ ಹೊಲಗಳು ಮೇಲಿನಿಂದ ಮೆತ್ತಗೆ ಕಾಣುತ್ತವೆ, ಆಳೆತ್ತರದ ಕಬ್ಬು ವಿಮಾನವನ್ನು ಮಗುಚುತ್ತದೆ. ಕಟಾವಾದ ಹೊಲ, ಉಳುಮೆಯ ಸಾಲು ಯಾವ ದಿಕ್ಕಿಗಿದೆ, ವಿದ್ಯುತ್ ಕಂಬಗಳು ಎಲ್ಲಿವೆ ಎಂಬುದನ್ನು ನೋಡಲು ಕಲಿಸಿಕೊಳ್ಳಿ.

ಪೆಡಲಿನ ವಿಷಯದಲ್ಲಿ ನಮ್ಮವರಿಗೆ ಒಂದು ಅನುಕೂಲವಿದೆ. ಚೇತಕ್, ಚೀತಾ, ಎಂಐ-17ರ ರೋಟರ್ ಮೇಲಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ, ಆದ್ದರಿಂದ ಶಕ್ತಿ ಏರಿಸಿದಾಗ ಬಲ ಪೆಡಲ್ ಬೇಕು. ಸೆಸ್ನಾದಲ್ಲೂ ಶಕ್ತಿ ಏರಿಸಿದರೆ ಬಲ ರಡ್ಡರ್ (ಬಾಲದ ಚುಕ್ಕಾಣಿಯ ಪೆಡಲ್). ಅಮೆರಿಕದ ಹೆಲಿಕಾಪ್ಟರ್‌ಗಳಲ್ಲಿ ಇದು ತಿರುಗುಮುರುಗು, ಹಾಗಾಗಿ ಅಲ್ಲಿನ ಪುಸ್ತಕ, ವಿಡಿಯೊಗಳಲ್ಲಿ ಎಚ್ಚರಿಸುವ ತೊಡಕು ಚೀತಾದಿಂದ ಬಂದವರನ್ನು ಕಾಡುವುದಿಲ್ಲ.

ಇನ್ನು ಪಿಸ್ಟನ್ ಎಂಜಿನ್. ಟರ್ಬೈನ್ ಮೇಲೇ ಕೂದಲು ನೆರೆತವರಿಗೆ ಮಿಕ್ಸ್‌ಚರ್ (ಇಂಧನ-ಗಾಳಿಯ ಮಿಶ್ರಣ), ಮ್ಯಾಗ್ನೆಟೊ (ಎಂಜಿನ್ನಿಗೆ ಕಿಡಿ ಕೊಡುವ ಸಾಧನ) ಹೊಸದು. 1,800 ಆರ್‌ಪಿಎಂನಲ್ಲಿ ಒಂದೊಂದೇ ಮ್ಯಾಗ್ನೆಟೊಗೆ ಬದಲಿಸಿದಾಗ ಇಳಿಕೆ 150 ಮೀರಬಾರದು, ಎರಡರ ನಡುವಿನ ವ್ಯತ್ಯಾಸ 50 ಮೀರಬಾರದು. ಸಾಂಬ್ರಾದ ಎತ್ತರದಲ್ಲಿ, ಬಿಸಿಲಲ್ಲಿ, ನೆಲದ ಮೇಲೆ ಮಿಕ್ಸ್‌ಚರ್ ಪೂರ್ತಿ ರಿಚ್ (ಇಂಧನ ಹೆಚ್ಚು) ಇಟ್ಟು ಬಹಳ ಹೊತ್ತು ಟ್ಯಾಕ್ಸಿ ಮಾಡಿದರೆ ಸ್ಪಾರ್ಕ್ ಪ್ಲಗ್‌ಗೆ ಮಸಿ ಹಿಡಿದು ಈ ಪರೀಕ್ಷೆಯಲ್ಲೇ ವಿಮಾನ ನಪಾಸಾಗುತ್ತದೆ, ಅಂದಿನ ಸ್ಲಾಟ್ ಹೋಗುತ್ತದೆ. ಟ್ಯಾಕ್ಸಿಯಲ್ಲಿ ಇಂಧನ ತಗ್ಗಿಸಿ ಲೀನ್ ಮಾಡಿ, ಟೇಕಾಫ್‌ಗೆ ಮುನ್ನ ಮರೆಯದೆ ಸರಿಯಾದ ಜಾಗಕ್ಕೆ ತನ್ನಿ.

ಎರಡು ಎಂಜಿನ್ನಿನ ತರಬೇತಿ

ಏರ್‌ಲೈನ್‌ಗೆ ಬೇಕಾದದ್ದು ಎರಡು ಎಂಜಿನ್ನಿನ ವಿಮಾನದ ಮೇಲೆ ಪಡೆದ ಇನ್‌ಸ್ಟ್ರುಮೆಂಟ್ ರೇಟಿಂಗ್. ‘ಧ್ರುವ್ ಎರಡು ಎಂಜಿನ್ನಿನದೇ ಅಲ್ಲವೇ, ನನಗೆ ಗೊತ್ತಿದೆ’ ಎನ್ನುವವರು ಇಲ್ಲಿ ಎಡವುತ್ತಾರೆ. ಹೆಲಿಕಾಪ್ಟರ್‌ನ ಎರಡೂ ಎಂಜಿನ್ ಒಂದೇ ಗೇರ್‌ಬಾಕ್ಸ್ ತಿರುಗಿಸುತ್ತವೆ. ಒಂದು ನಿಂತರೆ ಶಕ್ತಿ ಕಡಿಮೆಯಾಗುತ್ತದೆ ಅಷ್ಟೇ, ಯಂತ್ರ ಪಕ್ಕಕ್ಕೆ ತಿರುಗುವುದಿಲ್ಲ. ವಿಮಾನದಲ್ಲಿ ಎಂಜಿನ್‌ಗಳು ರೆಕ್ಕೆಗಳ ಮೇಲೆ ದೂರದೂರ ಇರುವುದರಿಂದ ಒಂದು ನಿಂತ ಕೂಡಲೇ ಮೂಗು ಆ ಕಡೆಗೆ ಎಳೆಯುತ್ತದೆ. ಎದುರು ಕಾಲಿನಿಂದ ರಡ್ಡರ್ ಒತ್ತಿ ನೇರ ಮಾಡಬೇಕು. ಯಾವ ಕಾಲು ಕೆಲಸವಿಲ್ಲದೆ ಸುಮ್ಮನಿದೆಯೋ ಆ ಬದಿಯ ಎಂಜಿನ್ ಸತ್ತಿದೆ ಎಂದು ಖಚಿತ ಮಾಡಿಕೊಳ್ಳಬೇಕು. ಥ್ರಾಟಲ್ ಹಿಂದೆಳೆದು ತಾಳೆ ನೋಡಿ, ಆಮೇಲೆಯೇ ಅದರ ಪ್ರೊಪೆಲ್ಲರ್ ಫೆದರ್ ಮಾಡಬೇಕು, ಅಂದರೆ ಅಲಗುಗಳನ್ನು ಗಾಳಿಗೆ ಅಂಚಾಗಿ ತಿರುಗಿಸಬೇಕು. ವೇಗ ಒಂದು ಮಿತಿಗಿಂತ ಕೆಳಗೆ ಹೋದರೆ ಪೂರ್ತಿ ರಡ್ಡರ್ ಒತ್ತಿದರೂ ಸಾಲುವುದಿಲ್ಲ, ವಿಮಾನ ಉರುಳುತ್ತದೆ. ಸ್ಪೀಡ್ ಮೀಟರಿನ ಕೆಂಪು ಗೆರೆ ಹೇಳುವುದು ಅದನ್ನೇ, ಒಂದೇ ಎಂಜಿನ್ನಿನಲ್ಲಿ ಚೆನ್ನಾಗಿ ಏರುವ ವೇಗಕ್ಕೆ ನೀಲಿ ಗೆರೆ. ಗಾಬರಿಯಲ್ಲಿ ಚೆನ್ನಾಗಿರುವ ಎಂಜಿನ್ನನ್ನೇ ನಿಲ್ಲಿಸಿಬಿಟ್ಟ ಅಪಘಾತಗಳು ವಿಮಾನ ಚರಿತ್ರೆಯಲ್ಲಿ ಹಲವಿವೆ.

ವ್ಯವಹಾರದ ಕಡೆ, ಯಾವ ಊರಿನ ಶಾಲೆಯಲ್ಲೂ ಸಾಲು ನಿಲ್ಲುವುದು ಎರಡು ಎಂಜಿನ್ನಿನ ವಿಮಾನಕ್ಕೇ. ಇರುವುದೇ ಒಂದೋ ಎರಡೋ. 50 ಮತ್ತು 100 ಗಂಟೆಯ ತಪಾಸಣೆಗೆ ಅದು ಒಳಗೆ ಹೋದರೆ, ಬಿಡಿಭಾಗಕ್ಕೆ ಕಾಯಬೇಕಾದರೆ, ಎಲ್ಲರ ಪರೀಕ್ಷೆಯೂ ನಿಲ್ಲುತ್ತದೆ. ಭೇಟಿಗೆ ಹೋದಾಗ ಹ್ಯಾಂಗರ್ ತೋರಿಸಿ ಎಂದು ಕೇಳಿ. ಎಷ್ಟು ವಿಮಾನ ಇವೆ ಎಂದು ಕೇಳಬೇಡಿ, ಇವತ್ತು ಎಷ್ಟು ಹಾರುತ್ತಿವೆ, ಈ ವಿಮಾನಕ್ಕಾಗಿ ಈಗ ಎಷ್ಟು ಜನ ಕಾಯುತ್ತಿದ್ದಾರೆ ಎಂದು ಕೇಳಿ. ಸೋಲೊ, ಗಂಟೆ ತುಂಬಿಸುವುದನ್ನು ಸಾಂಬ್ರಾದಲ್ಲಿ ಮುಗಿಸಿ, ಎರಡು ಎಂಜಿನ್ನಿನ ಭಾಗವನ್ನು ಕಾಯುವ ಸಾಲು ಚಿಕ್ಕದಿರುವ ಬೇರೆ ಶಾಲೆಯಲ್ಲಿ ಮಾಡುವ ಆಯ್ಕೆ ಒಪ್ಪಂದದಲ್ಲಿ ಇರಬೇಕು. ಡಿಜಿಸಿಎ 2025ರ ಅಕ್ಟೋಬರ್‌ನಿಂದ ತರಬೇತಿ ಶಾಲೆಗಳಿಗೆ ಶ್ರೇಣಿ ಕೊಡತೊಡಗಿದೆ. ಹೋಗುವ ಮುನ್ನ ಆ ಪಟ್ಟಿಯನ್ನು ಒಮ್ಮೆ ನೋಡಿ.

ಪರೀಕ್ಷೆ, ಕಾಗದ, ದುಡ್ಡು

ಏರ್ ರೆಗ್ಯುಲೇಷನ್ಸ್, ನ್ಯಾವಿಗೇಷನ್, ಹವಾಮಾನ, ಟೆಕ್ನಿಕಲ್ ಜನರಲ್, ಟೆಕ್ನಿಕಲ್ ಸ್ಪೆಸಿಫಿಕ್, ಜೊತೆಗೆ ರೇಡಿಯೊ ಪರೀಕ್ಷೆ. ಪಾಸಿಗೆ 70 ಅಂಕ. ಹವಾಮಾನ, ನ್ಯಾವಿಗೇಷನ್‌ನಲ್ಲಿ ನೀವು ಹುಡುಗರಿಗಿಂತ ಮುಂದೆ. ರೆಗ್ಯುಲೇಷನ್ಸ್‌ನಲ್ಲಿ ಹಿಂದೆ, ಏಕೆಂದರೆ ಸೇನೆಯ ಹಾರಾಟದ ನಿಯಮಗಳೇ ಬೇರೆ. 1934ರ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿಯಿಂದ ಬಂದಿರುವುದರಿಂದ ಹಳೇ ಪುಸ್ತಕ ಕೊಳ್ಳಬೇಡಿ. ಸೇವೆಯಲ್ಲಿರುವಾಗಲೇ, ಇಲಾಖೆಯ ಅನುಮತಿ ಪಡೆದು, ಪೇಪರ್‌ಗಳನ್ನು ಮುಗಿಸುವುದು ಜಾಣತನ.

ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇರಲೇಬೇಕು. ಸೈನಿಕ ಶಾಲೆಯಿಂದ ಎನ್‌ಡಿಎಗೆ ಹೋದವರಿಗೆ ಚಿಂತೆಯಿಲ್ಲ. ಕಲಾ ವಿಭಾಗದಲ್ಲಿ ಓದಿ ಪದವಿಯ ಮೇಲೆ ಅಧಿಕಾರಿಯಾದವರು ಆ ಎರಡು ವಿಷಯಗಳನ್ನು ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಬರೆಯಬೇಕಾಗುತ್ತದೆ. ವೈದ್ಯಕೀಯದಲ್ಲಿ ಕ್ಲಾಸ್ 1 (ವೃತ್ತಿಪರ ಪೈಲಟ್‌ಗೆ ಬೇಕಾದ ದರ್ಜೆ) ಸಿಗುತ್ತದೆಯೇ ಎಂಬುದು ಶುಲ್ಕಕ್ಕಿಂತ ಮೊದಲು ಗೊತ್ತಾಗಬೇಕು. ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲೇ ನಾಗರಿಕ ಪೈಲಟ್‌ಗಳ ತಪಾಸಣೆಯೂ ನಡೆಯುತ್ತದೆ. ವರ್ಷಗಟ್ಟಲೆ ಹೆಲಿಕಾಪ್ಟರ್‌ನ ಸದ್ದು ಮತ್ತು ನಡುಕದಲ್ಲಿ ಕೂತವರು ಕಿವಿ ಮತ್ತು ಬೆನ್ನುಮೂಳೆಯನ್ನು ಮೊದಲೇ ಖಾಸಗಿಯಾಗಿ ತೋರಿಸಿಕೊಳ್ಳುವುದು ಒಳ್ಳೆಯದು.

ಸಿಪಿಎಲ್ ಪೂರ್ತಿ ಪ್ಯಾಕೇಜ್ ಈಗ ದೇಶದಲ್ಲಿ 50 ಲಕ್ಷದ ಆಸುಪಾಸಿನಲ್ಲಿದೆ, ಏರ್‌ಬಸ್ 320ರ ಟೈಪ್ ರೇಟಿಂಗ್ (ಆ ಮಾದರಿ ಹಾರಿಸುವ ಅರ್ಹತೆ) ಅದರ ಮೇಲೆ 15 ಲಕ್ಷದ ಆಸುಪಾಸು. ನಿವೃತ್ತಿಯ ಗ್ರಾಚ್ಯುಟಿ, ಕಮ್ಯುಟೇಷನ್ ಹಣವನ್ನು ಒಂದೇ ಕಂತಿನಲ್ಲಿ ಕೊಡಬೇಡಿ. ಹಾರಿದ ಗಂಟೆಗೆ ತಕ್ಕಂತೆ ಕಂತು, ಉಳಿದ ಗಂಟೆಗೆ ಮರುಪಾವತಿ, ವಿಮಾನ ಇಲ್ಲದೆ ನಿಂತ ದಿನಗಳ ಹಾಸ್ಟೆಲ್ ಖರ್ಚು ಯಾರ ಮೇಲೆ, ಇಂಧನದ ಬೆಲೆ ಏರಿದರೆ ಗಂಟೆಯ ದರ ಏರುತ್ತದೆಯೇ: ಈ ನಾಲ್ಕೂ ಬರಹದಲ್ಲಿರಲಿ. ಎವಿಗ್ಯಾಸ್ (ಪಿಸ್ಟನ್ ವಿಮಾನದ ಪೆಟ್ರೋಲ್) ಸಿಗದೆ ವಿಮಾನಗಳು ನಿಲ್ಲುವುದೂ ಉಂಟು, ಶಾಲೆ ಎಷ್ಟು ದಿನದ ದಾಸ್ತಾನು ಇಡುತ್ತದೆ ಎಂದು ಕೇಳಿ.

ವಸತಿ ವಿಚಾರದಲ್ಲಿ ಮಾಜಿ ಸೈನಿಕರಿಗೆ ಬೆಳಗಾವಿಯಷ್ಟು ಅನುಕೂಲದ ಊರು ಕಡಿಮೆ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್, ಮಿಲಿಟರಿ ಆಸ್ಪತ್ರೆ, ಸಿಎಸ್‌ಡಿ ಕ್ಯಾಂಟೀನ್, ಮಕ್ಕಳಿಗೆ ಕೇಂದ್ರೀಯ ವಿದ್ಯಾಲಯ ಎಲ್ಲ ಕ್ಯಾಂಪ್ ಪ್ರದೇಶದ ಸುತ್ತಲೇ ಇವೆ. ಹಾಸ್ಟೆಲ್ ಬಿಟ್ಟು ಸಂಸಾರದೊಂದಿಗೆ ಬಾಡಿಗೆ ಮನೆ ಮಾಡುವುದೇ ಮೇಲು. ಬೆಳಗಿನ ಆರು ಗಂಟೆಯ ಸ್ಲಾಟಿಗೆ ನಗರದಿಂದ ಅರ್ಧ ಗಂಟೆ ಸಾಕು.

ಏರ್‌ಲೈನ್ ಕಡೆಯ ಸತ್ಯ

ಅಮೆರಿಕದಲ್ಲಿ ಹೆಲಿಕಾಪ್ಟರ್ ಪೈಲಟ್‌ಗಳಿಗೆ ದಾರಿ ಸಲೀಸು. ಅಲ್ಲಿ ಸೈನ್ಯದಿಂದ ಬಂದವರಿಗೆ ಸಾಮಾನ್ಯ 1,500 ಗಂಟೆಯ ಬದಲು ಒಟ್ಟು 750 ಗಂಟೆಗೇ ನಿರ್ಬಂಧಿತ ಎಟಿಪಿ (ಏರ್‌ಲೈನ್ ಪೈಲಟ್ ಪ್ರಮಾಣಪತ್ರ) ಸಿಗುತ್ತದೆ, ಹೆಲಿಕಾಪ್ಟರ್ ಗಂಟೆ ಆ ಒಟ್ಟಿಗೆ ಸೇರುತ್ತದೆ. ವಿಮಾನದಲ್ಲಿ 250 ಗಂಟೆ ಕಮಾಂಡ್ ಇದ್ದರೆ ಆಯಿತು. ಆ ಗಂಟೆ ತುಂಬಿಸಲು ಪ್ರಾದೇಶಿಕ ಏರ್‌ಲೈನ್‌ಗಳೇ ಹಣ ಕೊಟ್ಟ ಯೋಜನೆಗಳಿದ್ದವು. ಅಂಥ ವಿಡಿಯೊ ನೋಡಿ ಇಲ್ಲಿನ ಲೆಕ್ಕ ಹಾಕಬೇಡಿ. ಇಲ್ಲಿ ಖರ್ಚು ನಿಮ್ಮದೇ. ಕ್ಯಾಪ್ಟನ್ ಆಗಲು ಬೇಕಾದ ಏರ್‌ಲೈನ್ ಪೈಲಟ್ ಲೈಸೆನ್ಸಿಗೆ (ಎಟಿಪಿಎಲ್) 1,500 ಗಂಟೆ ಕೇಳುತ್ತಾರೆ, ಅಲ್ಲೂ ಎಣಿಕೆಗೆ ಬರುವುದು ಏರೋಪ್ಲೇನ್.

ಹಿರಿತನ ಸೇರಿದ ದಿನದಿಂದ. ಕರ್ನಲ್ ಆಗಿದ್ದವರೂ ಇಪ್ಪತ್ತೆರಡರ ಹುಡುಗಿಯ ನಂತರದ ನಂಬರಿನಲ್ಲಿ ನಿಲ್ಲುತ್ತಾರೆ. ಅದನ್ನು ಒಪ್ಪಲಾಗದವರು ಈ ದಾರಿಗೆ ಬರಬಾರದು. ಆದರೆ ಕಾಕ್‌ಪಿಟ್ಟಿನಲ್ಲಿ ಇಬ್ಬರು ಕೂಡಿ ಕೆಲಸ ಮಾಡುವುದು, ಕೆಟ್ಟ ಹವೆಯಲ್ಲಿ ‘ಬೇಡ’ ಎನ್ನುವ ಧೈರ್ಯ, ಚೆಕ್‌ಲಿಸ್ಟ್ ಶಿಸ್ತು, ಇವು ಸಂದರ್ಶನದಲ್ಲಿ ಎದ್ದು ಕಾಣುತ್ತವೆ. ಸಿಮ್ಯುಲೇಟರ್ ಪರೀಕ್ಷೆಯಲ್ಲಿ ಕೈಕೊಡುವುದು ಮುಳ್ಳುಗಳನ್ನಷ್ಟೇ ನೋಡಿ, ಆಟೊಪೈಲಟ್ ಇಲ್ಲದೆ, ಇನ್‌ಸ್ಟ್ರುಮೆಂಟ್ ಹಾರಿಸುವುದು. ಹಾಗಾಗಿ ಸಿಪಿಎಲ್ ಕೈಗೆ ಬಂದ ಮೇಲೆ ಸಂದರ್ಶನದವರೆಗಿನ ಅಂತರದಲ್ಲಿ ಸಿಮ್ಯುಲೇಟರ್ ಗಂಟೆಗಳಿಗೆ ಸ್ವಲ್ಪ ದುಡ್ಡು ಉಳಿಸಿಕೊಳ್ಳಿ.

ವಯಸ್ಸಿನ ಲೆಕ್ಕ ಕಟುವಾದದ್ದು. ಏರ್‌ಲೈನ್‌ನಲ್ಲಿ 65ರವರೆಗೆ ಹಾರಬಹುದು. 40ಕ್ಕೆ ಶುರು ಮಾಡಿದರೆ ತರಬೇತಿ, ಕಾಯುವಿಕೆ ಎಲ್ಲ ಕಳೆದು ಎರಡು ದಶಕದ ದುಡಿಮೆ ಸಿಗುತ್ತದೆ, ಕಮಾಂಡ್‌ಗೂ ಸಮಯವಿದೆ. 52 ದಾಟಿದವರಿಗೆ 65 ಲಕ್ಷ ಹೂಡುವುದನ್ನು ನಾವು ಶಿಫಾರಸು ಮಾಡುವುದಿಲ್ಲ. ಅವರಿಗೆ ಹೆಲಿಕಾಪ್ಟರ್‌ನ ನಾಗರಿಕ ಲೈಸೆನ್ಸ್ ಪಡೆದು ಮುಂಬೈ ಹೈ ತೈಲ ಬಾವಿಗಳ ಹಾರಾಟ ಅಥವಾ ಯಾತ್ರಾ ಹೆಲಿಕಾಪ್ಟರ್ ಸೇವೆಗೆ ಸೇರುವುದು ಅಗ್ಗ, ಬೇಗ, ಮತ್ತು ಹಾರಿಸಿದ ಪ್ರತಿ ಗಂಟೆಗೂ ಅಲ್ಲಿ ಬೆಲೆಯಿದೆ. ನಡುವಿನ ವಯಸ್ಸಿನವರು ಮೊದಲು ಕ್ಲಾಸ್ 1 ಮೆಡಿಕಲ್ ಮುಗಿಸಿ, ಗಂಟೆಗಳ ಬಗ್ಗೆ ಡಿಜಿಸಿಎ ಉತ್ತರ ತರಿಸಿಕೊಂಡು, ಸಾಂಬ್ರಾದಲ್ಲಿ ಐದು ಗಂಟೆಯಷ್ಟೇ ಬಿಡಿಯಾಗಿ ಹಾರಿಸಿ ನೋಡಲು ಸಾಧ್ಯವೇ ಎಂದು ವಿಚಾರಿಸಲಿ. ಇನ್‌ಸ್ಟ್ರಕ್ಟರ್ ಎಂಥವರು, ವಿಮಾನ ಹೊತ್ತಿಗೆ ಸರಿಯಾಗಿ ಹೊರಡುತ್ತದೆಯೇ, ಹಾರಾಟದ ನಂತರ ಕೂರಿಸಿಕೊಂಡು ತಪ್ಪು ಬಿಡಿಸಿ ಹೇಳುತ್ತಾರೆಯೇ ಎಂಬುದು ಆ ಐದು ಗಂಟೆಯಲ್ಲೇ ತಿಳಿದುಹೋಗುತ್ತದೆ.